ವಾರೆನ್ ಸ್ಪಾನ್: ಯುದ್ಧ ಇಲ್ಲದಿದ್ದರೆ 400 ಗೆಲುವು ಆಗುತ್ತಿತ್ತಾ?

ಹಳೇ ಸ್ಕೋರ್‌ಬುಕ್:

ಬೇಸ್‌ಬಾಲ್ ಪ್ರಿಯರು ಇಬ್ಬರು ಸೇರಿ ವಾರೆನ್ ಸ್ಪಾನ್ ಹೆಸರು ಎತ್ತಿದರೆ ಸಾಕು, ಒಂದು ಮಾತು ಬಂದೇ ಬರುತ್ತದೆ. "ಮೂರು ವರ್ಷ ಎರಡನೇ ಮಹಾಯುದ್ಧಕ್ಕೆ ಹೋಗದೆ ಇದ್ದಿದ್ದರೆ 400 ಪಂದ್ಯ ಗೆಲ್ಲುತ್ತಿದ್ದ." ನಾನು ಇದನ್ನು ಒಪ್ಪುವುದಿಲ್ಲ. ಈ ಮಾತು ಅವನನ್ನು ಹೊಗಳಿದಂತೆ ಕಾಣುತ್ತದೆ, ಆದರೆ ಅವನ ನಿಜವಾದ ದೊಡ್ಡತನ ಇದರಲ್ಲಿ ಮರೆಯಾಗುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಪರಿಚಯ. ಸ್ಪಾನ್ ಹುಟ್ಟಿದ್ದು 1921ರ ಏಪ್ರಿಲ್ 23ರಂದು, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ. ಎಡಗೈ ಪಿಚರ್. ಪಿಚರ್ ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. 1942ರಲ್ಲಿ ಬಾಸ್ಟನ್ ಬ್ರೇವ್ಸ್ ಪರ ಮೊದಲ ಪಂದ್ಯ, 1965ರಲ್ಲಿ ಕೊನೆಯ ಪಂದ್ಯ. ಒಟ್ಟು 363 ಗೆಲುವು, 245 ಸೋಲು. ಮೇಜರ್ ಲೀಗ್, ಅಂದರೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್, ಅದರ ಇತಿಹಾಸದಲ್ಲಿ ಯಾವ ಎಡಗೈ ಪಿಚರ್ ಕೂಡ ಇಷ್ಟು ಗೆದ್ದಿಲ್ಲ. 20 ಅಥವಾ ಅದಕ್ಕಿಂತ ಜಾಸ್ತಿ ಪಂದ್ಯ ಗೆದ್ದ ವರ್ಷಗಳು 13. ಕೊನೆಯ ಸಲ 20 ದಾಟಿದ್ದು 1963ರಲ್ಲಿ. ಆಗ ಅವನಿಗೆ 42 ವರ್ಷ!

ಮೊದಲ ಗೆಲುವು ಬಂದಿದ್ದು ಯಾವಾಗ ಗೊತ್ತಾ? 25 ವರ್ಷ ತುಂಬಿದ ಮೇಲೆ, 1946ರಲ್ಲಿ. ಅಲ್ಲಿಂದ ಶುರು ಮಾಡಿ 363. ನನ್ನ ವಾದ ಇಷ್ಟೇ. ಯುದ್ಧ ಅವನಿಂದ 40 ಗೆಲುವು ಕಿತ್ತುಕೊಂಡಿತು ಅನ್ನುವುದಕ್ಕೆ ಆಧಾರ ಇಲ್ಲ. ತಡವಾಗಿ ಬಂದ, ಮಾಗಿ ಬಂದ. ಅದಕ್ಕೇ ಅಷ್ಟು ದಿನ ಉಳಿದ. ನೀವೇನಂತೀರಿ?


ಶಿವಮೊಗ್ಗ ಎಕ್ಸ್‌ಪ್ರೆಸ್:

ಸರ್, ನಾನು ಕ್ರಿಕೆಟ್ ಮಾತ್ರ ನೋಡಿ ಬೆಳೆದವನು. ಪಂದ್ಯ ಗೆಲ್ಲೋದು ತಂಡ ಅಲ್ವಾ? ಪಿಚರ್ ಹೆಸರಿಗೆ ಗೆಲುವು ಬರೆಯೋದು ಹೇಗೆ?


ಅಂಕಿ ಲೆಕ್ಕ:

ನಾನು ಹೇಳ್ತೀನಿ ಎಕ್ಸ್‌ಪ್ರೆಸ್. ಪಂದ್ಯ ಶುರು ಮಾಡುವ ಪಿಚರ್ ಕನಿಷ್ಠ 5 ಇನ್ನಿಂಗ್ಸ್ ಎಸೆಯಬೇಕು. ಅವನು ಮೈದಾನ ಬಿಡುವಾಗ ತಂಡ ಮುಂದಿರಬೇಕು, ಆಮೇಲೆ ಆ ಮುನ್ನಡೆ ಕೈತಪ್ಪಬಾರದು. ಆಗ ಗೆಲುವು ಅವನ ಹೆಸರಿಗೆ. ಬೇಸ್‌ಬಾಲ್‌ನಲ್ಲಿ ಒಂದು ಪಂದ್ಯಕ್ಕೆ 9 ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ನಲ್ಲಿ ಒಂದೊಂದು ತಂಡಕ್ಕೆ ಮೂರು ಔಟ್. ಸಮ ಆದರೆ ಮುಂದುವರಿಯುತ್ತದೆ.

ಇನ್ನೊಂದು ಅಳತೆ ಇ.ಆರ್.ಎ. ಅಂದರೆ ತನ್ನ ಎಸೆತದಿಂದಲೇ ಪಿಚರ್ ಕೊಟ್ಟ ರನ್, 9 ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ಅನ್ನೋದು. ಕಡಿಮೆ ಇದ್ದಷ್ಟೂ ಒಳ್ಳೇದು. ಸ್ಪಾನ್‌ದು 3.09.

ಈಗ ಸ್ಕೋರ್‌ಬುಕ್ ಅವರಿಗೆ ಉತ್ತರ. ಲೆಕ್ಕ ನೇರವಾಗಿದೆ ಸರ್. 400ಕ್ಕೆ ಬೇಕಿದ್ದದ್ದು ಇನ್ನು 37. ಹೋದದ್ದು 1943, 44, 45 ಪೂರ್ತಿ, 46ರಲ್ಲೂ ಅರ್ಧ. ವರ್ಷಕ್ಕೆ 12 ಅಂತ ಇಟ್ಟರೂ ಹತ್ತಿರ ಹತ್ತಿರ ಬರುತ್ತದೆ. 1942ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ, ಅಂದರೆ ಕೆಳಗಿನ ಲೀಗ್‌ನಲ್ಲಿ, 17 ಗೆಲುವು, ಇ.ಆರ್.ಎ. 1.96. ಅದರ ಹಿಂದಿನ ವರ್ಷ ಇವಾನ್ಸ್‌ವಿಲ್‌ನಲ್ಲಿ 19 ಗೆಲುವು, 6 ಸೋಲು. ಈ ಹುಡುಗ ತಯಾರಾಗಿದ್ದ. 400 ದಾಟಿದವರು ಇತಿಹಾಸದಲ್ಲಿ ಇಬ್ಬರೇ, ಸೈ ಯಂಗ್ 511, ವಾಲ್ಟರ್ ಜಾನ್ಸನ್ 417. ಮೂರನೆಯವನಾಗುವ ಅವಕಾಶ ಸ್ಪಾನ್‌ಗೆ ಖಂಡಿತ ಇತ್ತು.


ಹಳೇ ಸ್ಕೋರ್‌ಬುಕ್:

ಲೆಕ್ಕ ಸರಿ. ಆದರೆ ಆಗಿನ ಬ್ರೇವ್ಸ್ ಯಾವ ತಂಡ ಅಂತ ನೋಡಿ. 1942ರಲ್ಲಿ 59 ಗೆಲುವು, 89 ಸೋಲು. ಎಂಟು ತಂಡಗಳಲ್ಲಿ ಏಳನೇ ಸ್ಥಾನ. ಅಂಥ ತಂಡದಲ್ಲಿ 22 ವರ್ಷದ ಹುಡುಗ ವರ್ಷಕ್ಕೆ 12 ಗೆಲ್ಲಬೇಕು ಅಂದರೆ 15 ಸೋಲುವುದಕ್ಕೂ ತಯಾರಿರಬೇಕು. ಆ ವಯಸ್ಸಿನಲ್ಲಿ ಸೋಲುವ ತಂಡಕ್ಕೆ ವರ್ಷಕ್ಕೆ 250 ಇನ್ನಿಂಗ್ಸ್ ಎಸೆದರೆ ತೋಳು ಏನಾಗುತ್ತಿತ್ತು? 1940ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಆಡುವಾಗಲೇ ಅವನ ತೋಳಿಗೆ ಪೆಟ್ಟಾಗಿತ್ತು.

ಇನ್ನೊಂದು ವಿಷಯ. ಈ ಪ್ರಶ್ನೆಯನ್ನು ಸ್ಪಾನ್‌ಗೇ ಎಷ್ಟೋ ಸಲ ಕೇಳಿದ್ದಾರೆ. 400 ಆಗುತ್ತಿತ್ತು ಅಂತ ಅವನು ಹೇಳಲಿಲ್ಲ. ಆ ಮೂರು ವರ್ಷದಲ್ಲಿ ತಾನು ತುಂಬಾ ಬಲಿತೆ, 22ರಲ್ಲಿ ಇದ್ದದ್ದಕ್ಕಿಂತ 25ರಲ್ಲಿ ದೊಡ್ಡ ಲೀಗ್‌ನ ಬ್ಯಾಟರ್‌ಗಳನ್ನು ಎದುರಿಸಲು ಚೆನ್ನಾಗಿ ತಯಾರಿದ್ದೆ ಅಂದ. 44ರ ತನಕ ಎಸೆದೆನಲ್ಲ, ಮೊದಲೇ ಶುರು ಮಾಡಿದ್ದರೆ ಅದು ಆಗುತ್ತಿತ್ತೋ ಇಲ್ಲವೋ ಅಂತಲೂ ಹೇಳಿದ. ಅವನ ತೋಳಿನ ಬಗ್ಗೆ ಅವನಿಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತಿರುತ್ತದೆ?


ಇತಿಹಾಸದ ಓದುಗ:

ಯುದ್ಧದ ಮಾತು ಬಂದಿದೆ, ಅಲ್ಲಿ ಏನಾಯಿತು ಅಂತ ಸರಿಯಾಗಿ ಹೇಳಿಬಿಡೋಣ. ಎಷ್ಟೋ ಆಟಗಾರರು ಸೇನೆಗೆ ಸೇರಿದರೂ ಕ್ಯಾಂಪ್ ತಂಡಗಳಲ್ಲಿ ಬೇಸ್‌ಬಾಲ್ ಆಡಿಕೊಂಡಿದ್ದರು. ಸ್ಪಾನ್ ಕಥೆ ಬೇರೆ.

ಅವನು ಇದ್ದದ್ದು 276ನೇ ಎಂಜಿನಿಯರ್ ಕಾಂಬ್ಯಾಟ್ ಬೆಟಾಲಿಯನ್‌ನಲ್ಲಿ. ಸೇತುವೆ ಕಟ್ಟೋದು, ರಸ್ತೆ ಸರಿಮಾಡೋದು, ನೆಲಬಾಂಬ್ ತೆಗೆಯೋದು ಇವರ ಕೆಲಸ. ಎಲ್ಲವೂ ಶತ್ರುವಿನ ಗುಂಡಿನ ಕೆಳಗೆ. 1944ರ ಡಿಸೆಂಬರ್ ಚಳಿಯಲ್ಲಿ ಜರ್ಮನ್ನರ ದೊಡ್ಡ ದಾಳಿಯಾದ ಬಲ್ಜ್ ಕದನದಲ್ಲಿ ಇದ್ದ. 1945ರ ಮಾರ್ಚ್ 7ರಂದು ಜರ್ಮನಿಯ ರೆಮಾಗನ್‌ನಲ್ಲಿ ರೈನ್ ನದಿ ಮೇಲಿನ ಲೂಡೆನ್‌ಡಾರ್ಫ್ ಸೇತುವೆ ಅಮೆರಿಕದ ಸೈನ್ಯಕ್ಕೆ ಸಿಕ್ಕಿತು. ಜರ್ಮನ್ನರು ಅದನ್ನು ಉರುಳಿಸಲು ಎಲ್ಲ ಪ್ರಯತ್ನ ಮಾಡಿದರು. ಫಿರಂಗಿ, ವಿಮಾನ, ರಾಕೆಟ್ ಕೂಡ ಬಿಟ್ಟರು. ಅದನ್ನು ನಿಲ್ಲಿಸಿಕೊಳ್ಳುವ ಕೆಲಸಕ್ಕೆ ಹೋದ ಎಂಜಿನಿಯರ್‌ಗಳಲ್ಲಿ ಸ್ಪಾನ್ ಕೂಡ ಒಬ್ಬ. ಅಲ್ಲೇ ಸಿಡಿಗುಂಡಿನ ಚೂರು ಕಾಲಿಗೆ ಬಡಿಯಿತು. ಮಾರ್ಚ್ 17ರಂದು ಸೇತುವೆ ಕುಸಿದು ಬಿತ್ತು. ಮೇಲೆ ಕೆಲಸ ಮಾಡುತ್ತಿದ್ದವರಲ್ಲಿ ಹಲವರು ಸತ್ತರು. ಸ್ಪಾನ್ ಅದಕ್ಕೆ ಸ್ವಲ್ಪ ಮೊದಲಷ್ಟೇ ಸೇತುವೆ ಬಿಟ್ಟು ಬಂದಿದ್ದ.

ಯುದ್ಧದಲ್ಲಿ ಗಾಯಗೊಂಡವರಿಗೆ ಕೊಡುವ ಪರ್ಪಲ್ ಹಾರ್ಟ್ ಪದಕ ಅವನಿಗೆ ಬಂತು. ರಣರಂಗದಲ್ಲೇ ಬಡ್ತಿ ಕೊಟ್ಟು ಸೆಕೆಂಡ್ ಲೆಫ್ಟಿನೆಂಟ್ ಮಾಡಿದರು. ಆ ಬಡ್ತಿಯಿಂದಾಗಿ ಸೇವೆಯ ಅವಧಿ ಕೂಡ ಹೆಚ್ಚಿತು. ಅದಕ್ಕೇ 1946ರ ಸೀಸನ್ ಅರ್ಧಂಬರ್ಧ ಸಿಕ್ಕಿದ್ದು. ಜುಲೈ 14ರಂದು ಪಿಟ್ಸ್‌ಬರ್ಗ್ ವಿರುದ್ಧ ಮೊದಲ ಗೆಲುವು.

ಇದನ್ನೆಲ್ಲ ಓದಿದ ಮೇಲೆ, ಹೋದ ಗೆಲುವುಗಳ ಲೆಕ್ಕ ಹಾಕೋಕೆ ನನಗೆ ಮನಸ್ಸೇ ಬರೋದಿಲ್ಲ. ಜೀವಂತ ಬಂದನಲ್ಲ.


ಹಳೇ ಸ್ಕೋರ್‌ಬುಕ್:

ಧನ್ಯವಾದ ಸರ್. ಇದರ ಜೊತೆಗೆ ಒಂದು ಮಾತು ಸೇರಿಸಲೇಬೇಕು.

1942ರಲ್ಲಿ ಬ್ರೇವ್ಸ್ ಮ್ಯಾನೇಜರ್, ಅಂದರೆ ತಂಡ ನಡೆಸುವ ಕೋಚ್, ಕೇಸಿ ಸ್ಟೆಂಗಲ್. ಬ್ರೂಕ್ಲಿನ್ ಡಾಡ್ಜರ್ಸ್ ವಿರುದ್ಧ ಆಡುವಾಗ ಎದುರಾಳಿ ಬ್ಯಾಟರ್ ಪೀ ವೀ ರೀಸ್ ಮೈಗೆ ಬರುವ ಹಾಗೆ ಎಸೆಯಲು ಸ್ಪಾನ್‌ಗೆ ಹೇಳಿದ. ಸ್ಪಾನ್ ಎಸೆಯಲಿಲ್ಲ. ಹುಡುಗನಿಗೆ ಧೈರ್ಯ ಇಲ್ಲ ಅಂತ ಸ್ಟೆಂಗಲ್ ಅವನನ್ನು ಕೆಳಗಿನ ಲೀಗ್‌ಗೆ ಕಳಿಸಿಬಿಟ್ಟ. ಹಾರ್ಟ್‌ಫರ್ಡ್‌ಗೆ ಹೋದದ್ದು ಹೀಗೆ. ಮುಂದೆ ಅದೇ ಹುಡುಗ ಪದಕ ತೆಗೆದುಕೊಂಡು ಬಂದ. ಯುದ್ಧವೀರನೂ ಶ್ರೇಷ್ಠ ಎಡಗೈ ಪಿಚರೂ ಆದವನಿಗೆ ತಾನು ಧೈರ್ಯ ಇಲ್ಲ ಅಂದಿದ್ದೆ ಅಂತ ಸ್ಟೆಂಗಲ್ ಕೊನೆಯವರೆಗೂ ಬಾಯಿಬಿಟ್ಟು ಹೇಳಿಕೊಂಡ. ಆ ದೊಡ್ಡ ಮನಸ್ಸು ನನಗೆ ಇಷ್ಟ.

ಈ ಇಬ್ಬರೂ ಮತ್ತೆ 1965ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದಲ್ಲಿ ಸೇರಿದರು. ನಡುವೆ ಸ್ಟೆಂಗಲ್ ಯಾಂಕೀಸ್ ಮ್ಯಾನೇಜರ್ ಆಗಿ ಏಳು ಸಲ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಚಾಂಪಿಯನ್ ಸರಣಿ, ಗೆದ್ದಿದ್ದ. ಸ್ಟೆಂಗಲ್ ಮೇಧಾವಿ ಆಗುವ ಮೊದಲೂ, ಮೇಧಾವಿ ಆಗಿ ಮುಗಿದ ಮೇಲೂ ಅವನ ಕೈಕೆಳಗೆ ಆಡಿದವನು ಬಹುಶಃ ನಾನೊಬ್ಬನೇ ಅಂತ ಸ್ಪಾನ್ ಹೇಳಿದ್ದು ತುಂಬಾ ಪ್ರಸಿದ್ಧ.


ಶಿವಮೊಗ್ಗ ಎಕ್ಸ್‌ಪ್ರೆಸ್:

ಅಬ್ಬಾ, ಇದು ಗೊತ್ತೇ ಇರಲಿಲ್ಲ. ಎಸೆತ ಹೇಗಿತ್ತು ಸರ್? ತುಂಬಾ ವೇಗಾನಾ?


ಹಳೇ ಸ್ಕೋರ್‌ಬುಕ್:

ಶುರುವಿನಲ್ಲಿ ವೇಗ ಚೆನ್ನಾಗಿಯೇ ಇತ್ತು. 1949ರಿಂದ 1952ರ ತನಕ ನಾಲ್ಕು ವರ್ಷ ಸತತವಾಗಿ ನ್ಯಾಷನಲ್ ಲೀಗ್‌ನಲ್ಲಿ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಜಾಸ್ತಿ ಸ್ಟ್ರೈಕ್‌ಔಟ್, ಅಂದರೆ ಬ್ಯಾಟರ್ ಚೆಂಡು ಹೊಡೆಯಲಾಗದೆ ಮೂರು ಸ್ಟ್ರೈಕ್‌ಗೆ ಔಟ್ ಆಗುವ ಹಾಗೆ, ಮಾಡಿದವನು ಅವನೇ. 1952ರ ಜೂನ್‌ನಲ್ಲಿ ಶಿಕಾಗೋ ಕಬ್ಸ್ ವಿರುದ್ಧ 15 ಇನ್ನಿಂಗ್ಸ್ ಎಸೆದು 18 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಆದರೂ ಬ್ರೇವ್ಸ್ 3-1ರಿಂದ ಸೋತಿತು. ಆ ವರ್ಷ ಅವನ ಲೆಕ್ಕ 14 ಗೆಲುವು, 19 ಸೋಲು. ಇ.ಆರ್.ಎ. ಮಾತ್ರ 3ಕ್ಕಿಂತ ಕಡಿಮೆ. ತಂಡ ರನ್ ಹೊಡೆಯದಿದ್ದರೆ ಪಿಚರ್ ಏನು ಮಾಡೋಕಾಗುತ್ತೆ?

ಅವನನ್ನು ಗುರುತಿಸುವುದು ಬಲಗಾಲಿನಿಂದ. ಎಸೆಯುವ ಮೊದಲು ಆ ಕಾಲು ತಲೆಯ ಎತ್ತರಕ್ಕೆ ಹೋಗುತ್ತಿತ್ತು. ಮೈ ಪೂರ್ತಿ ಹಿಂದಕ್ಕೆ ಬಾಗಿ, ಕಾಲು ಕೆಳಗೆ ಬರುವಾಗ ಎಲ್ಲ ಭಾರ ಮುಂದಕ್ಕೆ ಬರುತ್ತಿತ್ತು. ಇದರಿಂದ ಎರಡು ಲಾಭ. ತೋಳಿನ ಮೇಲೆ ಬೀಳುವ ಶ್ರಮವನ್ನು ಇಡೀ ಮೈ ಹಂಚಿಕೊಳ್ಳುತ್ತಿತ್ತು. ಚೆಂಡು ಕೊನೆಯ ಗಳಿಗೆ ತನಕ ಬ್ಯಾಟರ್‌ಗೆ ಕಾಣುತ್ತಿರಲಿಲ್ಲ. ಇದನ್ನು ಕಲಿಸಿದ್ದು ಅಪ್ಪ ಎಡ್ವರ್ಡ್. ಅವರು ವಾಲ್‌ಪೇಪರ್ ಮಾರುವ ಕೆಲಸದಲ್ಲಿದ್ದರು, ಊರಿನ ತಂಡಗಳಲ್ಲಿ ಬೇಸ್‌ಬಾಲ್ ಆಡುತ್ತಿದ್ದರು. ಮೈಯನ್ನು ಬಳಸಿ ಎಸೆಯುವುದನ್ನು ಮಗನಿಗೆ ಚಿಕ್ಕಂದಿನಲ್ಲೇ ತಿದ್ದಿ ತಿದ್ದಿ ಕಲಿಸಿದರು.

ವಯಸ್ಸಾದ ಹಾಗೆ ವೇಗ ಇಳಿಯಿತು. ಆಗ ಸ್ಪಾನ್ ಏನು ಮಾಡಿದ ಅನ್ನುವುದೇ ಈ ಚರ್ಚೆಯ ಮುಖ್ಯ ವಿಷಯ. ಸ್ಕ್ರೂಬಾಲ್ ಕಲಿತ. ಎಡಗೈ ಪಿಚರ್ ಎಸೆದ ಸ್ಕ್ರೂಬಾಲ್ ಬಲಗೈ ಬ್ಯಾಟರ್‌ನಿಂದ ಹೊರಕ್ಕೆ ತಿರುಗುತ್ತದೆ. ಆಮೇಲೆ ಸ್ಲೈಡರ್, ಅಂದರೆ ಕೊನೆಗೆ ಪಕ್ಕಕ್ಕೆ ಜಾರುವ ಎಸೆತ, ಸೇರಿಸಿಕೊಂಡ. ಎಲ್ಲವೂ ಒಂದೇ ತೋಳಿನ ಚಲನೆಯಿಂದ, ಆದರೆ ಬೇರೆ ಬೇರೆ ವೇಗದಲ್ಲಿ. ಕ್ರಿಕೆಟ್‌ನಲ್ಲಿ ವೇಗದ ಬೌಲರ್ ಕೈ ಅಷ್ಟೇ ಜೋರಾಗಿ ಬೀಸಿ ಸ್ಲೋವರ್ ಬಾಲ್ ಹಾಕುತ್ತಾನಲ್ಲ, ಬ್ಯಾಟರ್ ಮೊದಲೇ ಬ್ಯಾಟ್ ಬೀಸಿ ಮುಗಿಸಿರುತ್ತಾನೆ, ಹಾಗೆ. ಬ್ಯಾಟಿಂಗ್ ಅಂದರೆ ಸಮಯ ಹಿಡಿಯುವುದು, ಪಿಚಿಂಗ್ ಅಂದರೆ ಆ ಸಮಯ ಕೆಡಿಸುವುದು ಅಂತ ಅವನೇ ಹೇಳುತ್ತಿದ್ದ.


ಅಂಕಿ ಲೆಕ್ಕ:

ಇದಕ್ಕೆ ನನ್ನ ಹತ್ತಿರ ಸಾಕ್ಷಿ ಇದೆ. 1950ರಲ್ಲಿ 191 ಸ್ಟ್ರೈಕ್‌ಔಟ್, 21 ಗೆಲುವು. 1963ರಲ್ಲಿ 102 ಸ್ಟ್ರೈಕ್‌ಔಟ್ ಮಾತ್ರ, ಆದರೆ 23 ಗೆಲುವು, 7 ಸೋಲು. ಇ.ಆರ್.ಎ. 2.60. ಸ್ಟ್ರೈಕ್‌ಔಟ್ ಅರ್ಧದಷ್ಟು ಕಡಿಮೆ ಆಗಿದೆ, ಪಿಚರ್ ಮಾತ್ರ ಒಂದು ಹೆಜ್ಜೆಯೂ ಹಿಂದೆ ಹೋಗಿಲ್ಲ. ಇಡೀ ವೃತ್ತಿಯಲ್ಲಿ ಇ.ಆರ್.ಎ.ಯಲ್ಲಿ ಲೀಗ್‌ಗೆ ಮೊದಲಿಗನಾದದ್ದು ಮೂರು ಸಲ. 1947, 1953, 1961. ಮೂರು ಬೇರೆ ಬೇರೆ ವಯಸ್ಸು, 26, 32, 40.

ಇನ್ನೊಂದು ಸಂಖ್ಯೆ. 382 ಪಂದ್ಯಗಳನ್ನು ಶುರುವಿನಿಂದ ಕೊನೆ ತನಕ ಅವನೊಬ್ಬನೇ ಎಸೆದು ಮುಗಿಸಿದ. ಈಚಿನ ವರ್ಷಗಳಲ್ಲಿ ಇಡೀ ಮೇಜರ್ ಲೀಗ್‌ನ 30 ತಂಡಗಳು ಸೇರಿದರೂ ಒಂದು ಸೀಸನ್‌ನಲ್ಲಿ ಇಂಥ ಪಂದ್ಯ 50 ದಾಟುವುದು ಅಪರೂಪ.

ಬ್ಯಾಟಿಂಗ್ ಕೂಡ ಬಿಡಬೇಡಿ. ಆಗ ಪಿಚರ್‌ಗಳೂ ಬ್ಯಾಟ್ ಮಾಡುತ್ತಿದ್ದರು. ಸ್ಪಾನ್ 35 ಹೋಮ್ ರನ್ (ಬೇಲಿ ದಾಟಿಸುವ ಹೊಡೆತ, ನಮ್ಮ ಸಿಕ್ಸರ್ ಥರ) ಹೊಡೆದಿದ್ದಾನೆ. ಒಟ್ಟು ಹಿಟ್ (ಚೆಂಡು ಹೊಡೆದು ಬೇಸ್ ತಲುಪುವುದು) ಎಷ್ಟು ಅಂದರೆ, ಅದೂ 363!


ಮಿಲ್ವಾಕಿ ನಿವಾಸಿ:

ಮಿಲ್ವಾಕಿಯಿಂದ ನಮಸ್ಕಾರ. ನಮ್ಮ ಊರಿನವರ ಮಾತು ಬಂದಿದೆ, ಸುಮ್ನೆ ಹೇಗಿರಲಿ.

1952ರಲ್ಲಿ ಬಾಸ್ಟನ್‌ನಲ್ಲಿ ಬ್ರೇವ್ಸ್ ಆಟ ನೋಡಲು ಇಡೀ ಸೀಸನ್‌ನಲ್ಲಿ ಬಂದವರು 2,81,278 ಜನ. 1953ರ ಮಾರ್ಚ್‌ನಲ್ಲಿ, ಸೀಸನ್ ಶುರುವಾಗುವ ಹೊತ್ತಿಗೆ, ತಂಡ ಮಿಲ್ವಾಕಿಗೆ ಬಂತು. ಐವತ್ತು ವರ್ಷದಲ್ಲಿ ಮೇಜರ್ ಲೀಗ್ ತಂಡವೊಂದು ಊರು ಬದಲಿಸಿದ್ದು ಅದೇ ಮೊದಲು. ಆ ವರ್ಷ ಬಂದವರು 18,26,397. ಇಲ್ಲಿನ ಹಿರಿಯರು ಇವತ್ತಿಗೂ ಆ ದಿನಗಳನ್ನು ನೆನೆದರೆ ಮುಖ ಅರಳುತ್ತದೆ. ಸ್ಪಾನ್ ಆ ವರ್ಷ 23 ಗೆಲುವು, 7 ಸೋಲು, ಇ.ಆರ್.ಎ. 2.10. ಹಿಂದಿನ ವರ್ಷ 19 ಸೋತಿದ್ದವನು! ಎಡ್ಡಿ ಮ್ಯಾಥ್ಯೂಸ್ ಆ ವರ್ಷ 47 ಹೋಮ್ ರನ್ ಹೊಡೆದ. ಮಾರನೇ ವರ್ಷ ಹ್ಯಾಂಕ್ ಏರನ್ ಬಂದ.

1957ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಏಳು ಪಂದ್ಯಗಳಲ್ಲಿ ಸೋಲಿಸಿ ವರ್ಲ್ಡ್ ಸೀರೀಸ್ ಗೆದ್ದರು. ಆ ಸರಣಿಯ ಹೀರೋ ಸ್ಪಾನ್ ಅಲ್ಲ, ಅವನ ಗೆಳೆಯ ಲೂ ಬರ್ಡೆಟ್. ಮೂರು ಪಂದ್ಯ ಗೆದ್ದ. ಸ್ಪಾನ್‌ಗೆ ಒಂದು ಗೆಲುವು, ಒಂದು ಸೋಲು. ಆದರೆ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಆ ವರ್ಷ ಸ್ಪಾನ್‌ಗೇ ಬಂತು. ಮಾರನೇ ವರ್ಷ ಮತ್ತೆ ಯಾಂಕೀಸ್ ಎದುರು ಬಂದಾಗ ಸ್ಪಾನ್ ಎರಡು ಗೆದ್ದ, ಅದರಲ್ಲಿ ಒಂದು ಬರೀ ಎರಡು ಹಿಟ್ ಕೊಟ್ಟು 3-0. ಸರಣಿ ಮಾತ್ರ ಕೈತಪ್ಪಿತು.

ಇಲ್ಲಿನ ಕೌಂಟಿ ಸ್ಟೇಡಿಯಂನಲ್ಲೇ ಅವನ ಎರಡೂ ನೋ-ಹಿಟ್ಟರ್. ಅಂದರೆ ಇಡೀ ಪಂದ್ಯದಲ್ಲಿ ಎದುರಾಳಿಗೆ ಒಂದೂ ಹಿಟ್ ಇಲ್ಲ. 1960ರ ಸೆಪ್ಟೆಂಬರ್ 16ರಂದು ಫಿಲಡೆಲ್ಫಿಯಾ ವಿರುದ್ಧ, 15 ಸ್ಟ್ರೈಕ್‌ಔಟ್ ಜೊತೆಗೆ. ಆಗ 39 ವರ್ಷ. ಎರಡನೆಯದು 1961ರ ಏಪ್ರಿಲ್ 28ರಂದು ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ವಿರುದ್ಧ, 1-0. ನಲವತ್ತು ತುಂಬಿ ಐದು ದಿನ ಆಗಿತ್ತು. ಅದೇ ಆಗಸ್ಟ್‌ನಲ್ಲಿ ಕಬ್ಸ್ ವಿರುದ್ಧ 300ನೇ ಗೆಲುವು.

ಕೌಂಟಿ ಸ್ಟೇಡಿಯಂ ಈಗ ಇಲ್ಲ. 2001ರಲ್ಲಿ ಕೆಡವಿದರು. ಅದೇ ಜಾಗದಲ್ಲಿ ಹೆಲ್‌ಫೇರ್ ಫೀಲ್ಡ್ ಅಂತ ಮಕ್ಕಳು ಆಡುವ ಸಣ್ಣ ಮೈದಾನ ಇದೆ. ಇಲ್ಲಿನ ಈಗಿನ ತಂಡ ಬ್ರೂವರ್ಸ್ ಪಂದ್ಯ ನೋಡಲು ಬಂದವರು ಪಕ್ಕದಲ್ಲೇ ಇರುವ ಅದನ್ನೂ ನೋಡಿಕೊಂಡು ಹೋಗಿ.


ಬ್ರೂಕ್ಲಿನ್ ಪಕ್ಷ:

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಒಂದು ಗಟ್ಟಿ ಪ್ರಶ್ನೆ ಕೇಳ್ತೀನಿ. 1950ರ ದಶಕದಲ್ಲಿ ನ್ಯಾಷನಲ್ ಲೀಗ್‌ನ ಅತಿ ಬಲವಾದ ಬ್ಯಾಟಿಂಗ್ ಬ್ರೂಕ್ಲಿನ್ ಡಾಡ್ಜರ್ಸ್‌ದು. ಜಾಕಿ ರಾಬಿನ್ಸನ್, ರಾಯ್ ಕ್ಯಾಂಪನೆಲ್ಲಾ, ಗಿಲ್ ಹಾಡ್ಜಸ್, ಕಾರ್ಲ್ ಫುರಿಲ್ಲೋ, ಪೀ ವೀ ರೀಸ್, ಎಲ್ಲರೂ ಬಲಗೈ, ಎಡಗೈ ಪಿಚರ್‌ಗೆ ಸಾಮಾನ್ಯವಾಗಿ ಬಲಗೈ ಬ್ಯಾಟರ್‌ಗಳೇ ಹೆಚ್ಚು ಕಷ್ಟ. ಎಬೆಟ್ಸ್ ಫೀಲ್ಡ್ ಮೈದಾನ ಚಿಕ್ಕದು. ಬ್ರೇವ್ಸ್ ಅಲ್ಲಿ ಸ್ಪಾನ್‌ನನ್ನು ಆದಷ್ಟು ಇಳಿಸುತ್ತಲೇ ಇರಲಿಲ್ಲ. ಬೇರೆ ದುರ್ಬಲ ತಂಡಗಳ ಮೇಲೆ ಜಾಸ್ತಿ ಇಳಿಸುತ್ತಿದ್ದರು. ಹಾಗಿದ್ದಮೇಲೆ ಗೆಲುವಿನ ಸಂಖ್ಯೆ ಮೇಲೆ ಇಷ್ಟು ಭಾರ ಹಾಕೋದು ಸರೀನಾ?


ಹಳೇ ಸ್ಕೋರ್‌ಬುಕ್:

ನ್ಯಾಯವಾದ ಪ್ರಶ್ನೆ. ಆ ವರ್ಷಗಳಲ್ಲಿ ಡಾಡ್ಜರ್ಸ್ ಎದುರು ಅವನು ಕಡಿಮೆ ಆಡಿದ್ದು ನಿಜ. ಅವನ ವೃತ್ತಿಯನ್ನು ಅಳೆಯುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಆದರೆ ಅದು ಮ್ಯಾನೇಜರ್‌ಗಳ ತೀರ್ಮಾನ. ಬರ್ಡೆಟ್ ಬಲಗೈ ಪಿಚರ್, ಅವನನ್ನು ಅಲ್ಲಿಗೆ ಇಟ್ಟುಕೊಂಡರು. ಯಾವ ತಂಡವಾದರೂ ಹಾಗೇ ಮಾಡುತ್ತಿತ್ತು.

ಇನ್ನೊಂದು ಬದಿಯನ್ನೂ ನೋಡಿ. 1947ರಲ್ಲಿ ಜಾಕಿ ರಾಬಿನ್ಸನ್ ಬಂದು ಕಪ್ಪು ಆಟಗಾರರಿಗೆ ಬಾಗಿಲು ತೆರೆದ ಮೇಲೆ ಅವರನ್ನು ಬೇಗ ಬೇಗ ಸೇರಿಸಿಕೊಂಡದ್ದು ನ್ಯಾಷನಲ್ ಲೀಗ್. ವಿಲ್ಲಿ ಮೇಸ್, ಎರ್ನಿ ಬ್ಯಾಂಕ್ಸ್, ಫ್ರಾಂಕ್ ರಾಬಿನ್ಸನ್, ರಾಬರ್ಟೋ ಕ್ಲೆಮೆಂಟೆ. ಸ್ಪಾನ್ ವರ್ಷವರ್ಷವೂ ಎದುರಿಸಿದ್ದು ಇವರನ್ನು. ಹಳೇ ಕಾಲದ 370 ಗೆಲುವಿನವರು ಯಾರೂ ಇಂಥ ಬ್ಯಾಟರ್‌ಗಳನ್ನು ನೋಡಿಯೇ ಇಲ್ಲ, ಅವರನ್ನು ಲೀಗ್ ಒಳಗೇ ಬಿಟ್ಟಿರಲಿಲ್ಲ. ಸ್ಪಾನ್‌ನ 363 ನನಗೆ ಅವುಗಳಿಗಿಂತ ತೂಕದ್ದಾಗಿ ಕಾಣುತ್ತದೆ.


ಇತಿಹಾಸದ ಓದುಗ:

ಮೇಸ್ ಹೆಸರು ಬಂತು. ಸ್ಪಾನ್ ಕಥೆಯಲ್ಲಿ ಮೇಸ್ ಎರಡು ಸಲ ಬರುತ್ತಾನೆ.

ಮೊದಲನೆಯದು 1951ರ ಮೇ 28, ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್. ಮೇಸ್ ಆಗಷ್ಟೇ ಜೈಂಟ್ಸ್ ತಂಡಕ್ಕೆ ಬಂದ 20 ವರ್ಷದ ಹುಡುಗ. ಮೊದಲ 12 ಸಲ ಬ್ಯಾಟ್ ಹಿಡಿದಾಗ ಒಂದೂ ಹಿಟ್ ಇಲ್ಲ. ಹದಿಮೂರನೇ ಸಲ ಎದುರಿಗೆ ಸ್ಪಾನ್. ಚೆಂಡು ಮೈದಾನದ ಹೊರಗೆ. ಮೇಸ್‌ನ 660 ಹೋಮ್ ರನ್‌ಗಳಲ್ಲಿ ಮೊದಲನೆಯದು. ಅವತ್ತು ತಾನು ಸ್ಟ್ರೈಕ್‌ಔಟ್ ಮಾಡಿದ್ದರೆ ಎಲ್ಲರೂ ವಿಲ್ಲಿಯ ಕಾಟದಿಂದ ಶಾಶ್ವತವಾಗಿ ಪಾರಾಗುತ್ತಿದ್ದೆವೇನೋ ಅಂತ ಸ್ಪಾನ್ ಮುಂದೆ ನಗುತ್ತಾ ಹೇಳುತ್ತಿದ್ದ. ಒಟ್ಟು 18 ಹೋಮ್ ರನ್ ಸ್ಪಾನ್ ಎಸೆತಕ್ಕೆ ಹೊಡೆದ ಮೇಸ್. ಬೇರೆ ಯಾವ ಪಿಚರ್‌ಗೂ ಅವನು ಅಷ್ಟು ಹೊಡೆದಿಲ್ಲ.

ಎರಡನೆಯದನ್ನು ಸ್ಕೋರ್‌ಬುಕ್ ಅವರೇ ಹೇಳಲಿ. ಅದು ಅವರಿಗೆ ಬಿಟ್ಟ ಪಂದ್ಯ.


ಹಳೇ ಸ್ಕೋರ್‌ಬುಕ್:

1963ರ ಜುಲೈ 2. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್. ರಾತ್ರಿ ಪಂದ್ಯ. ಕೊಲ್ಲಿಯ ಕಡೆಯಿಂದ ಬೀಸುವ ತಣ್ಣನೆ ಗಾಳಿಗೆ ಆ ಮೈದಾನ ಕುಖ್ಯಾತ.

ಜೈಂಟ್ಸ್ ಪರ ಹುವಾನ್ ಮಾರಿಷಾಲ್, ಡೊಮಿನಿಕನ್ ರಿಪಬ್ಲಿಕ್‌ನವನು, 25 ವರ್ಷ. ಇವನೂ ಕಾಲು ಆಕಾಶಕ್ಕೆ ಎತ್ತಿ ಎಸೆಯುವವನೇ. ಬ್ರೇವ್ಸ್ ಪರ ಸ್ಪಾನ್, 42 ವರ್ಷ. ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಬ್ರೇವ್ಸ್‌ಗೆ ಒಂದು ರನ್ ಬಂದೇಬಿಡುತ್ತಿತ್ತು. ಮೇಸ್ ಔಟ್‌ಫೀಲ್ಡ್‌ನಿಂದ ನೇರವಾಗಿ ಎಸೆದು ಓಟಗಾರನನ್ನು ಹೋಮ್‌ನಲ್ಲಿ, ಅಂದರೆ ರನ್ ಪೂರ್ತಿಯಾಗುವ ಬೇಸ್‌ನಲ್ಲಿ, ಔಟ್ ಮಾಡಿಸಿದ. ಏಳನೇ ಇನ್ನಿಂಗ್ಸ್‌ನಲ್ಲಿ ಸ್ಪಾನ್ ತಾನೇ ಬ್ಯಾಟ್ ಹಿಡಿದು ಬಲಗಡೆಯ ಬೇಲಿಗೆ ಹೊಡೆದು ಡಬಲ್ ಮಾಡಿದ, ಅಂದರೆ ಎರಡನೇ ಬೇಸ್ ತಲುಪಿದ. ಒಂಬತ್ತನೆಯದರಲ್ಲಿ ಜೈಂಟ್ಸ್‌ನ ವಿಲ್ಲಿ ಮೆಕೋವಿ ಹೊಡೆದ ಭಾರಿ ಹೊಡೆತವನ್ನು ಅಂಪೈರ್ ಫೌಲ್, ಅಂದರೆ ಗೆರೆಯ ಹೊರಗೆ, ಅಂದ. ಒಂಬತ್ತು ಮುಗಿಯಿತು, 0-0. ಹತ್ತು, ಹನ್ನೊಂದು, ಹನ್ನೆರಡು. ಇಬ್ಬರೂ ಇಳಿಯಲಿಲ್ಲ.

ಜೈಂಟ್ಸ್ ಮ್ಯಾನೇಜರ್ ಆಲ್ವಿನ್ ಡಾರ್ಕ್ ಸಾಕು ಬಾ ಅಂತ ಮಾರಿಷಾಲ್‌ನನ್ನು ಕೇಳಿದ. ಆ ಕಡೆ ಎಸೆಯುತ್ತಿರುವವನಿಗೆ 42, ನನಗೆ 25, ಅವನು ಅಲ್ಲಿರುವ ತನಕ ನಾನು ಇಳಿಯುವುದಿಲ್ಲ ಅಂತ ಮಾರಿಷಾಲ್ ಹೇಳಿಬಿಟ್ಟ. 

ಹದಿನೈದು ಇನ್ನಿಂಗ್ಸ್ ಮುಗಿದರೂ 0-0. ಹದಿನಾರರಲ್ಲಿ ಒಂದು ಔಟ್ ಆದ ಮೇಲೆ ಮೇಸ್ ಬಂದ. ಸ್ಪಾನ್ ಸ್ಕ್ರೂಬಾಲ್ ಎಸೆದ. ಅದು ತಿರುಗಬೇಕಾದಷ್ಟು ತಿರುಗಲಿಲ್ಲ. ಮೇಸ್ ಎಡಗಡೆ ಬೇಲಿ ದಾಟಿಸಿದ, ಪಂದ್ಯ ಮುಗಿಯಿತು. 1-0.

ಮಾರಿಷಾಲ್ ಎಸೆದದ್ದು 227 ಎಸೆತ, ಸ್ಪಾನ್ 201. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಆ ಇಡೀ ರಾತ್ರಿ ಸ್ಪಾನ್ ಮಾಡಿದ ಸ್ಟ್ರೈಕ್‌ಔಟ್ ಎರಡೇ ಎರಡು. ವಾಕ್ (ಹೊರಗೆ ನಾಲ್ಕು ಎಸೆತ ಎಸೆದು ಬ್ಯಾಟರ್‌ನನ್ನು ಪುಕ್ಕಟೆ ಮೊದಲ ಬೇಸ್‌ಗೆ ಬಿಡೋದು) ಕೊಟ್ಟದ್ದು ಒಂದು, ಅದೂ ಮೇಸ್‌ಗೆ ಬೇಕೆಂದೇ. ಮೇಸ್, ಮೆಕೋವಿ, ಒರ್ಲಾಂಡೋ ಸೆಪೆಡಾ ಇದ್ದ ತಂಡವನ್ನು ಹದಿನೈದು ಇನ್ನಿಂಗ್ಸ್ ತನಕ ಒಂದೂ ರನ್ ಇಲ್ಲದೆ ನಿಲ್ಲಿಸಿದ್ದು ವೇಗದಿಂದಲ್ಲ. ಚೆಂಡು ಎಲ್ಲಿ ಬೀಳಬೇಕು, ಯಾವಾಗ ನಿಧಾನ ಆಗಬೇಕು ಅಂತ ಗೊತ್ತಿದ್ದದ್ದರಿಂದ. 22 ವರ್ಷದ ಸ್ಪಾನ್‌ಗೆ ಇದು ಸಾಧ್ಯವೇ ಇರಲಿಲ್ಲ. ಹಾಗಾಗಿಯೇ ನಾನು ಆ ಮೂರು ವರ್ಷಗಳನ್ನು ಸುಮ್ನೆ ಕಳೆದುಹೋದ ಗೆಲುವು ಅಂತ ಎಣಿಸುವುದಿಲ್ಲ.

1965ರಲ್ಲಿ ಮೆಟ್ಸ್ ಬಿಟ್ಟ ಮೇಲೆ ಅವನನ್ನು ಕರೆದುಕೊಂಡದ್ದು ಇದೇ ಜೈಂಟ್ಸ್. ಕೊನೆಯ ಕೆಲವು ತಿಂಗಳು ಮೇಸ್, ಮಾರಿಷಾಲ್ ಜೊತೆಗೇ ಆಡಿದ.


ಬ್ರೂಕ್ಲಿನ್ ಪಕ್ಷ:

ಈ ಪಂದ್ಯದ ಎದುರು ನನಗೆ ವಾದ ಇಲ್ಲ. ಆದರೆ ಆ ವರ್ಷದ ಸೈ ಯಂಗ್ ಪ್ರಶಸ್ತಿ ನಮ್ಮ ಡಾಡ್ಜರ್ಸ್ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್‌ಗೆ ಹೋಯಿತು. 25 ಗೆಲುವು, 5 ಸೋಲು, ಇ.ಆರ್.ಎ. 1.88. ಎಡಗೈ ಅಂದರೆ ಕೋಫ್ಯಾಕ್ಸೇ.


ಅಂಕಿ ಲೆಕ್ಕ:

ಉತ್ತುಂಗದ ಐದಾರು ವರ್ಷ ಮಾತ್ರ ನೋಡಿದರೆ ಕೋಫ್ಯಾಕ್ಸ್‌ಗೆ ಸಾಟಿ ಇಲ್ಲ, ಒಪ್ಪುತ್ತೇನೆ. ಆದರೆ ಮೊಣಕೈ ಸಂಧಿವಾತದಿಂದ 30ಕ್ಕೇ ನಿಲ್ಲಿಸಬೇಕಾಯಿತು, 165 ಗೆಲುವಿಗೆ. ಸ್ಪಾನ್ 30 ತುಂಬಿದ ಮೇಲೆ ಗೆದ್ದದ್ದೇ ಅದರ ಒಂದೂವರೆ ಪಟ್ಟಿಗಿಂತ ಜಾಸ್ತಿ. ಜೊತೆಗೆ ಸೈ ಯಂಗ್ ಪ್ರಶಸ್ತಿ ಶುರುವಾದದ್ದೇ 1956ರಲ್ಲಿ. 1966ರ ತನಕ ಎರಡೂ ಲೀಗ್ ಸೇರಿ ಒಬ್ಬರಿಗೇ ಕೊಡುತ್ತಿದ್ದರು. 1947, 1953ರ ಸ್ಪಾನ್‌ಗೆ ಕೊಡಲು ಪ್ರಶಸ್ತಿಯೇ ಇರಲಿಲ್ಲ.

400ರ ವಿಷಯದಲ್ಲಿ ನಾನು ಇನ್ನೂ ನನ್ನ ಲೆಕ್ಕದಲ್ಲೇ ಇದ್ದೇನೆ ಸ್ಕೋರ್‌ಬುಕ್ ಸರ್. ಆದರೆ ಯುದ್ಧದಿಂದ ನಿಜವಾಗಿ ಜಾಸ್ತಿ ಕಳೆದುಕೊಂಡವನು ಕ್ಲೀವ್‌ಲ್ಯಾಂಡ್ ಪಿಚರ್ ಬಾಬ್ ಫೆಲ್ಲರ್ ಅನ್ನೋದು ಖರೆ. 22 ವರ್ಷಕ್ಕೇ 107 ಗೆದ್ದಿದ್ದ. ಪರ್ಲ್ ಹಾರ್ಬರ್ ದಾಳಿ ಆಗಿ ಎರಡೇ ದಿನಕ್ಕೆ ನೌಕಾಪಡೆ ಸೇರಿದ, ಹೆಚ್ಚುಕಡಿಮೆ ನಾಲ್ಕು ಸೀಸನ್ ಹೋಯಿತು. ಕೊನೆಗೆ 266ಕ್ಕೆ ನಿಂತ.


ಕ್ಲೀವ್‌ಲ್ಯಾಂಡ್ ಅಮ್ಮ:

ಎಲ್ಲರಿಗೂ ನಮಸ್ಕಾರ. ಫೆಲ್ಲರ್ ನಮ್ಮ ಊರಿನ ತಂಡದವರು, ಅವರ ಹೆಸರು ನೋಡಿ ಖುಷಿ ಆಯ್ತು. ನನ್ನ ಮಗನಿಗೆ 12 ವರ್ಷ, ಮಕ್ಕಳ ಲಿಟಲ್ ಲೀಗ್‌ನಲ್ಲಿ ಆಡ್ತಾನೆ, ಅವನೂ ಎಡಗೈ ಪಿಚರ್. ಈ ಚರ್ಚೆ ಓದಿ ಹೇಳಿದ್ದಕ್ಕೆ ಈಗ ಸ್ಕ್ರೂಬಾಲ್ ಕಲೀಬೇಕು ಅಂತ ಹಟ ಹಿಡಿದಿದ್ದಾನೆ. 201 ಎಸೆತ ಎಸೆದವರ ಕಥೆ ಕೇಳಿ ನನಗೆ ಭಯ. ದಯವಿಟ್ಟು ಗೊತ್ತಿರುವವರು ಹೇಳಿ.


ಹಳೇ ಸ್ಕೋರ್‌ಬುಕ್:

ಅಮ್ಮಾ, ಸ್ಕ್ರೂಬಾಲ್ ಈಗ ಬೇಡವೇ ಬೇಡ. ಆ ಎಸೆತದಲ್ಲಿ ತೋಳನ್ನು ಸಹಜಕ್ಕೆ ವಿರುದ್ಧವಾದ ಕಡೆಗೆ ತಿರುಗಿಸಬೇಕು. ಸ್ಪಾನ್ ಅದನ್ನು ಸೇರಿಸಿಕೊಂಡದ್ದು ಮೈ ಪೂರ್ತಿ ಗಟ್ಟಿಯಾದ ಮೇಲೆ, ವರ್ಷಗಟ್ಟಲೆ ದೊಡ್ಡ ಲೀಗ್ ಆಡಿದ ಮೇಲೆ. ಲಿಟಲ್ ಲೀಗ್‌ನಲ್ಲಿ 11-12 ವರ್ಷದವರಿಗೆ ದಿನಕ್ಕೆ 85 ಎಸೆತದ ಮಿತಿ ಇದೆ. 66 ಅಥವಾ ಅದಕ್ಕಿಂತ ಜಾಸ್ತಿ ಎಸೆದರೆ ನಾಲ್ಕು ದಿನ ಬಿಡುವು ಕೊಡಲೇಬೇಕು. ತಂಡದವರು ಬರೆದಿಡುತ್ತಾರೆ, ಆದರೂ ನೀವೂ ಒಂದು ಲೆಕ್ಕ ಇಟ್ಟುಕೊಳ್ಳಿ. ಒಂದೇ ವಾರದಲ್ಲಿ ಎರಡು ತಂಡಕ್ಕೆ ಆಡುತ್ತಿದ್ದರೆ ಎರಡನ್ನೂ ಸೇರಿಸಿ ಎಣಿಸಬೇಕು. ಮೊಣಕೈ ಅಥವಾ ಭುಜ ನೋವು ಅಂದರೆ ಅವತ್ತಿಗೆ ಆಟ ನಿಲ್ಲಿಸಿ, ಡಾಕ್ಟರ್‌ಗೆ ತೋರಿಸಿ.


ಮಿಲ್ವಾಕಿ ನಿವಾಸಿ:

ಸ್ಕೋರ್‌ಬುಕ್ ಹೇಳಿದ್ದು ಸರಿ. ನಾನು ಇಲ್ಲಿ ಮಕ್ಕಳ ತಂಡಕ್ಕೆ ಸ್ವಲ್ಪ ಸಹಾಯ ಮಾಡ್ತೀನಿ. ಮಗನಿಗೆ ಬೇಡ ಅಂತ ಮಾತ್ರ ಹೇಳಿದರೆ ಅವನು ಕೇಳಲ್ಲ, ಬದಲಿಗೆ ಒಂದು ಕೊಡಿ. ಚೇಂಜಪ್ ಕಲಿಸಿ. ಚೆಂಡನ್ನು ಅಂಗೈ ಕಡೆಗೆ ಸ್ವಲ್ಪ ಆಳವಾಗಿ ಹಿಡಿಯೋದು, ಮೂರು ಬೆರಳು ಮೇಲೆ. ಮಣಿಕಟ್ಟು ತಿರುಗಿಸೋದೇ ಬೇಡ. ತೋಳು ಫಾಸ್ಟ್‌ಬಾಲ್‌ಗೆ ಬೀಸುವಷ್ಟೇ ಜೋರಾಗಿ ಬೀಸಬೇಕು, ಚೆಂಡು ತಾನಾಗಿ ನಿಧಾನ ಹೋಗುತ್ತದೆ. ಹೊಸಬರು ಚೇಂಜಪ್ ಅಂದ ತಕ್ಷಣ ತೋಳನ್ನೇ ನಿಧಾನ ಮಾಡ್ತಾರೆ, ಬ್ಯಾಟರ್‌ಗೆ ಗೊತ್ತಾಗಿಬಿಡುತ್ತೆ. ಎರಡೂ ಎಸೆತವನ್ನು ಪಕ್ಕದಿಂದ ಫೋನ್‌ನಲ್ಲಿ ವಿಡಿಯೋ ಮಾಡಿ ಅವನಿಗೇ ತೋರಿಸಿ. ತೋಳು ಎರಡರಲ್ಲೂ ಒಂದೇ ಥರ ಕಾಣೋ ತನಕ ಪಂದ್ಯದಲ್ಲಿ ಬಳಸೋದು ಬೇಡ.


ಕ್ಲೀವ್‌ಲ್ಯಾಂಡ್ ಅಮ್ಮ:

ತುಂಬಾ ಥ್ಯಾಂಕ್ಸ್ ಸರ್, ಇಬ್ಬರಿಗೂ. ಶನಿವಾರ ಪ್ರಾಕ್ಟೀಸ್ ಇದೆ, ಅವತ್ತೇ ವಿಡಿಯೋ ಮಾಡ್ತೀನಿ. ಕಾಲು ತಲೆ ಎತ್ತರಕ್ಕೆ ಎತ್ತಬಹುದಾ ಅಂತ ಪಕ್ಕದಲ್ಲೇ ನಿಂತು ಕೇಳ್ತಿದ್ದಾನೆ, ಅದಕ್ಕೂ ಒಂದು ಉತ್ತರ ಕೊಟ್ಟುಬಿಡಿ.


ಮಿಲ್ವಾಕಿ ನಿವಾಸಿ:

ಬ್ಯಾಲೆನ್ಸ್ ತಪ್ಪದೆ ಎಷ್ಟು ಎತ್ತರಕ್ಕೆ ಹೋಗುತ್ತೋ ಅಷ್ಟು ಎತ್ತಲಿ. ಎಡಗಾಲ ಮೇಲೆ ಅಲುಗಾಡದೆ ಮೂರು ಎಣಿಸುವ ತನಕ ನಿಲ್ಲೋಕೆ ಬಂದರೆ ಸರಿ ಇದೆ. ಮೊದಲು ಚೆಂಡಿಲ್ಲದೆ ಅಭ್ಯಾಸ ಮಾಡಿಸಿ.